ಕುರಿಯ ಔಷಧಿ, ನರಸಕ್ಕನ ಕಣ್ಣು

ನರಸಕ್ಕ, ನಿನ್ನ ಕಣ್ಣು ಹೋದದ್ದು ಜ್ವರದಿಂದಲ್ಲ. ಉರುಕುಂದದ ಈರಣ್ಣ ದೇವರ ಹರಕೆ ತಪ್ಪಿದ್ದರಿಂದಲೂ ಅಲ್ಲ. ಆದೋನಿಯ ನನ್ನ ಅಂಗಡಿಯಲ್ಲಿ ನಾನೇ ಬಾಟಲಿಗೆ ಸುರಿದುಕೊಟ್ಟ ಕುರಿಯ ಔಷಧಿಯಿಂದ. ಆಸ್ಪತ್ರೆಯಲ್ಲೇ ನನಗಿದು ಹೊಳೆದಿತ್ತು. ಹೊಳೆದೂ ಬಾಯಿ ಮುಚ್ಚಿಕೊಂಡಿದ್ದೆ.

ಮನುಷ್ಯರ ಗುಳಿಗೆ, ದನಕುರಿಗಳ ಔಷಧಿ ಎರಡನ್ನೂ ಮಾರುವ ಅಂಗಡಿ ನನ್ನದು. ಕುರಿಗಳ ಹೊಟ್ಟೆಹುಳಕ್ಕೆ ಹಾಕುವ ಕ್ಲೋಸಾಂಟೆಲ್ ದೊಡ್ಡ ಕ್ಯಾನಿನಲ್ಲಿ ಬರುತ್ತಿತ್ತು. ಮಂದೆಯ ಹಿಂದೆ ಊರೂರು ತಿರುಗುವ ನೀವು ಅದನ್ನು ಹೊರಲಾರಿರಿ ಎಂದು ಕೆಮ್ಮಿನ ಸಿರಪ್ಪಿನ ಖಾಲಿ ಬಾಟಲಿಗಳಿಗೆ ಸುರಿದು ಕೊಡುತ್ತಿದ್ದೆ. ಮನುಷ್ಯರು ಕುಡಿಯಬಾರದೆಂಬ ಎಚ್ಚರಿಕೆ ಕ್ಯಾನಿನ ಮೇಲಿತ್ತು — ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ. ಬಾಟಲಿಯ ಮೇಲೆ ಏನೂ ಇರಲಿಲ್ಲ. ಕ್ಯಾನು ತಂದುಕೊಡುತ್ತಿದ್ದವನು, "ಕುರಿ ಮಂದಿಗೆ ಚೀಟಿ ಯಾಕ ಮೇಡಂ, ಕುರಿ ಓದತಾವೇನು?" ಅನ್ನುತ್ತಿದ್ದ. ಅವನ ಮೇಲೆ ಇವತ್ತಿಗೂ ನನಗೆ ಸಿಟ್ಟಿದೆ. ಆದರೆ ಅವನು ಫಾರ್ಮಸಿ ಓದಿದವನಲ್ಲ. ಓದಿದವಳು ನಾನು.

ಇನ್ನು ನಿನ್ನ ಮಾತು. ಇಲ್ಲಿ ನನ್ನ ನೆನಪನ್ನು ನಾನು ನಂಬುವುದಿಲ್ಲ. ಇಷ್ಟು ವರ್ಷ ನನ್ನ ನೆನಪಿನಲ್ಲಿ ನೀನು ಆ ಮಾತು ಹೇಳುತ್ತಿದ್ದದ್ದು ಮೆಟ್ಟಿಲಿಳಿದು ಹೋಗುವಾಗ, ಬಸ್ಸಿನ ಸದ್ದಿನಲ್ಲಿ, ನನಗೆ ಸರಿಯಾಗಿ ಕೇಳದಂತೆ. ಸುಳ್ಳು. ಔಷಧಿ ಸುರಿಯುತ್ತಿದ್ದ ನನ್ನ ಕೈ ನಗುವಿಗೆ ಅಲುಗಿ ಮೇಜಿನ ಮೇಲೆಲ್ಲ ಚೆಲ್ಲಿತ್ತು — ಅಂದರೆ ನೀನು ಎದುರಿಗೇ ನಿಂತಿದ್ದೆ.

"ಕುರಿಗೆ ಹಾಕೋ ಮೊದಲು ನಾ ಒಂದು ಗುಟುಕು ಕುಡೀಬೇಕವ್ವಾ," ಅಂದಿದ್ದೆ. "ನಮ್ಮ ಮನ್ಯಾಗ ಮೊದಲಿಂದ ಹಂಗ. ಬಾಯಿಲ್ಲದ ಜೀವ ಅವು, ಏನು ಹಾಕತೀವಿ ಅಂತ ನಮಗರ ಗೊತ್ತಿರಬೇಕಲ್ಲ. ನಿನ್ನ ಮದ್ದು ಕುಡದು ನಾ ಸತ್ರ ನಮ್ಮ ತಿಕ್ಕಯ್ಯಗ ಎರಡನೇ ಮದುವಿ ಯೋಗ ಬರತೈತಿ ನೋಡು."

ಬೇವು, ಅರಿಶಿನ ಕುದಿಸಿದ ಕಷಾಯದ ಕಾಲದ ಪದ್ಧತಿ ಅದು. ಕಷಾಯಕ್ಕೆ ಸರಿ. ಇದಕ್ಕಲ್ಲ. ಆ ಹೊತ್ತಿನಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು — ಕುಡಿಯಬೇಡ. ನಾನು ನಕ್ಕೆ.

ಆಮೇಲೆ ಕಣ್ಣು ಮಂಜಾಯಿತೆಂದು ತಿಕ್ಕಯ್ಯ ನಿನ್ನನ್ನು ಕರೆತಂದ. ಓದಿದವಳೊಬ್ಬಳು ಜೊತೆಗಿರಲಿ ಎಂದು ನನ್ನನ್ನೂ ಕರ್ನೂಲಿಗೆ ಕರೆದ. ಏನಾದರೂ ಔಷಧಿ ಕುಡಿದಿದ್ದೀಯಾ ಎಂದು ಡಾಕ್ಟರು ತೆಲುಗಿನಲ್ಲಿ ಕೇಳಿದರು. ಇಲ್ಲ ಎಂದು ನೀನೂ ತೆಲುಗಿನಲ್ಲೇ ಹೇಳಿದೆ. ಅದು ನಿನ್ನ ಸುಳ್ಳಲ್ಲ. ಕುರಿಯ ಔಷಧಿಯ ಗುಟುಕು ನಿನ್ನ ಪಾಲಿಗೆ ಔಷಧಿ ಕುಡಿದದ್ದೇ ಅಲ್ಲ, ಕುರಿ ಕಾಯುವವರ ಕೆಲಸ. ಆಮೇಲೆ ನನ್ನ ಕಡೆ ಕೈ ತೋರಿಸಿ, "ಬೇಕಾರ ಈಕಿನ್ನ ಕೇಳ್ರಿ, ನಾ ಗುಳಿಗಿ ಸೈತ ತಗೊಳ್ಳಾಕಿ ಅಲ್ಲ," ಅಂದೆ.

ಡಾಕ್ಟರು ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಹೌದು, ಏನೂ ತಗೊಂಡಿಲ್ಲ.

ಆಗಲೇ ಹೇಳಿದ್ದರೆ ಕಣ್ಣು ಉಳಿಯುತ್ತಿತ್ತೇ? ಗೊತ್ತಿಲ್ಲ. ಗೊತ್ತಿಲ್ಲ ಎಂಬುದರ ಹಿಂದೆ ಎಷ್ಟು ವರ್ಷ ಅಡಗಿ ಕೂತೆ ನಾನು! ಔಷಧಿಗಾರ್ತಿ ಎಂಬ ಹೆಸರು ಉಳಿಯಲಿ, ಅಂಗಡಿ ಉಳಿಯಲಿ — ಅಷ್ಟಕ್ಕೇ. ಇತ್ತ ತಿಕ್ಕಯ್ಯ ಜಗಳ ಬಂದಾಗಲೆಲ್ಲ "ಹರಕಿ ಮರತಿ, ಈರಣ್ಣ ಕಣ್ಣು ಕಸಗೊಂಡ" ಎನ್ನುತ್ತಾನೆ. ನೀನು ಕೆನ್ನೆ ಕೆನ್ನೆ ಬಡಿದುಕೊಂಡು ತಪ್ಪಾಯಿತೆನ್ನುತ್ತೀಯ. ನಾನು ಮಾಡಿದ್ದನ್ನು ದೇವರ ತಲೆಗೆ ಕಟ್ಟಿ, ಶಿಕ್ಷೆಯನ್ನು ನಿನಗೇ ಬಿಟ್ಟೆ. ಮೇಲಿಂದ ಊರಿನವರು ನನಗೆ ಕೈಮುಗಿಯುತ್ತಾರೆ — ಕುರುಡಿಯ ಕೈಹಿಡಿದು ಕರ್ನೂಲಿಗೆ ಹೋದ ಪುಣ್ಯವಂತೆ ಎಂದು. ಕೈಮುಗಿದವರನ್ನು ಕಂಡರೆ ಮೈ ಉರಿಯುತ್ತದೆ. ಒಮ್ಮೆಯಾದರೂ ಬೇಡ ಅಂದೆನೇ? ಇಲ್ಲ.

ಇವತ್ತು ನಿನ್ನ ಸೊಸೆ ಈರಮ್ಮ ಬಂದಿದ್ದಳು. ಈಗ ಸುರಿದು ಕೊಡುವುದಿಲ್ಲ, ಚೀಟಿ ಅಂಟಿಸಿದ ಸೀಸೆಯನ್ನೇ ಕೊಡುತ್ತೇನೆ. ಅವಳಿಗೆ ಓದು ಬಾರದು. ಇದನ್ನು ಬಾಯಿಗೆ ಹಾಕಿಕೊಳ್ಳಬೇಡ ಎಂದೆ.

"ಅದೆಂಗ ಆಗತೈತಿ ಮೇಡಮ್ಮಾ? ಕುರಿ ಈಗ ನನ್ನ ಕೈಗೆ ಬಂದಾವು. ನಮ್ಮತ್ತಿ ಜಲ್ಮೆಲ್ಲಾ ಕುಡದಾಳ. ಆಕಿಗೇನಾಗೇತಿ?"

ಸೀಸೆ ಅವಳ ಕೈಯಿಂದ ಕಿತ್ತುಕೊಂಡೆ. ಅವಳು ಗಾಬರಿಯಾಗಿ ಬೆಂಚಿನ ಮೇಲೆ ಕೂತಿದ್ದಾಳೆ. ನಿನ್ನೆದುರು ಮಾತು ಬದಲಿಸದಿರಲೆಂದು ನಾನು ಇದನ್ನು ಬರೆಯುತ್ತಿದ್ದೇನೆ. ಅವಳ ಪ್ರಶ್ನೆಯ ಉತ್ತರ ಮೊದಲು ನಿನಗೆ ಸಲ್ಲಬೇಕು. ಶಟರ್ ಎಳೆದು ಅವಳ ಜೊತೆಗೇ ಹೊರಡುತ್ತೇನೆ. ತಿಕ್ಕಯ್ಯನ ಎದುರಿಗೇ ಹೇಳುತ್ತೇನೆ.

ನೀನು ಬೈಯುವವಳಲ್ಲ. ಹೋಗಲಿ ಬಿಡವ್ವಾ ಅನ್ನುವವಳು. ನನಗೆ ಭಯ ಅದರದ್ದೇ. ಬೇಗ ಕ್ಷಮಿಸಬೇಡ, ನರಸಕ್ಕ.