ತೂಕದ ಕೆಳಗಿನ ಸಾಲು

ಹಾಲಮ್ಮ ಸಿಸ್ಟರ್ ಒಂದು ಮಗುವಿನ ತೂಕ ನೋಡುವಷ್ಟರಲ್ಲಿ ನಾನು ನಾಲ್ಕು ಮಕ್ಕಳನ್ನು ಪರೀಕ್ಷಿಸಿ ಚೀಟಿ ಬರೆದು ಕಳಿಸಬಹುದಿತ್ತು. ಇದನ್ನು ಯಾರೂ ಹೊಗಳಿಕೆ ಎಂದು ತಿಳಿಯಬಾರದು. ಹನ್ನೊಂದು ವರ್ಷ ಇದೇ ಕಾರಣಕ್ಕೆ ನಾನು ಅವರ ಮೇಲೆ ಹಲ್ಲು ಕಡಿದಿದ್ದೇನೆ.

ಕಡೂರಿನ ಸ್ಟೇಷನ್ ರಸ್ತೆಯಲ್ಲಿ ನನ್ನ ಮಕ್ಕಳ ಕ್ಲಿನಿಕ್. ಎರಡು ಕೋಣೆ, ನಡುವೆ ಒಂದು ಹಸಿರು ಪರದೆ. ಈಚೆ ನಾನು, ಆಚೆ ಹಾಲಮ್ಮ ಸಿಸ್ಟರ್ ಮತ್ತು ಅವರ ತಕ್ಕಡಿ. ಅದೊಂದು ಹಳೇ ಕಬ್ಬಿಣದ ಯಂತ್ರ. ಮೇಲೆ ಅಡ್ಡಪಟ್ಟಿ, ಪಟ್ಟಿಯ ಮೇಲೆ ಅತ್ತಿತ್ತ ಸರಿಸುವ ಎರಡು ಗುಂಡುಗಳು. ಗುಂಡು ಸರಿಯಾದ ಜಾಗಕ್ಕೆ ಬಂದಾಗ ಪಟ್ಟಿ ನೆಟ್ಟಗೆ ನಿಲ್ಲುತ್ತದೆ. ಬೇರೆ ಯಾರಾದರೂ ಆಗಿದ್ದರೆ ತಾವೇ ಸರ್ರನೆ ಸರಿಸಿ ತೂಕ ಬರೆದುಕೊಳ್ಳುತ್ತಿದ್ದರು. ಇವರು ಮಗುವಿನ ಕೈಗೇ ಗುಂಡು ಕೊಡುತ್ತಿದ್ದರು. "ನೀನೇ ನಿಲ್ಲಿಸು ಮರಿ, ನಂಗೆ ಕಣ್ ಕಾಣಲ್ಲ" ಎನ್ನುವುದು ಅವರ ಮಾಮೂಲಿ ಸುಳ್ಳು. ಸೂಜಿಗೆ ದಾರ ಪೋಣಿಸುವಷ್ಟು ಚುರುಕು ಕಣ್ಣು ಅವರದು.

ಮಗು ಗುಂಡು ಸರಿಸುತ್ತ ಪಟ್ಟಿಯನ್ನೇ ನೋಡುತ್ತ ನಿಂತಿರುವಾಗ ಸಿಸ್ಟರ್ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅದರ ಚಪ್ಪಲಿ ಜೋಡಿಸುವ ನೆಪ ಮಾಡಿಕೊಂಡು ಏನೋ ಒಂದು ಕೇಳುತ್ತಿದ್ದರು. ಮಗು ಅವರ ಮುಖ ನೋಡದೆಯೇ ಉತ್ತರ ಹೇಳುತ್ತಿತ್ತು. ನಡುವೆ ತಾಯಿ ಬಾಯಿ ಹಾಕಿದರೆ, "ನಿನ್ ತೂಕ ಆಮೇಲ್ ನೋಡ್ತೀನಿ ಕಣಮ್ಮ, ಈಗ ಇವ್ಳದ್ದು" ಎಂದು ಪರದೆಯ ಈಚೆಗೆ ಕಳಿಸಿಬಿಡುತ್ತಿದ್ದರು. ಇದೆಲ್ಲ ಯಾಕೆ ಎಂದು ಒಮ್ಮೆ ರೇಗಿದಾಗ ಅವರು ಹೇಳಿದ್ದಿಷ್ಟು: "ಕಣ್ಣಿಗೊಂದ್ ಕೆಲ್ಸ ಕೊಡಿ ಸಾರ್, ಮಾತು ತಾನೇ ಬತ್ತದೆ."

ಮಗು ಹೇಳಿದ್ದನ್ನು ಅವರು ಕಾರ್ಡಿನಲ್ಲಿ ತೂಕದ ಕೆಳಗೆ ಒಂದೇ ಸಾಲಿನಲ್ಲಿ ಬರೆಯುತ್ತಿದ್ದರು. ದುಂಡು ಅಕ್ಷರ. "ಹದಿನಾರು ಕಿಲೋ. ಮಾತಾಡಲಿಲ್ಲ." "ಹದಿನೆಂಟು ಕಿಲೋ. ಅಜ್ಜಿ ಸತ್ತ ಮೇಲೆ ಹಾಸಿಗೆ ಒದ್ದೆ." ಕಾರ್ಡು ಕಾಗದ ಬರೆಯುವ ಇನ್ಲ್ಯಾಂಡ್ ಅಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೆ. "ಆಯ್ತು ಸಾರ್" ಎಂದು ಮರುದಿನ ಮತ್ತೆ ಬರೆಯುತ್ತಿದ್ದರು.

ಆ ಸಾಲುಗಳಿಂದ ನನಗೆ ಪ್ರಯೋಜನ ಆಗಲಿಲ್ಲವೆಂದು ಹೇಳಿದರೆ ನಾಲಿಗೆಗೆ ಹುಳ ಬೀಳುತ್ತದೆ. ಬೀರೂರು ಕಡೆಯ ಒಬ್ಬ ಹುಡುಗನಿಗೆ ದಿನಾ ತಲೆನೋವು. ಕಣ್ಣು ಪರೀಕ್ಷೆಗೆ ಬರೆಯಲು ಪೆನ್ನು ಎತ್ತಿದವನು ಕಾರ್ಡು ನೋಡಿದೆ. "ಇಪ್ಪತ್ತೊಂದು ಕಿಲೋ. ಕ್ಲಾಸಲ್ಲಿ ಎಡಗಡೆ ಕೂರುವ ಹುಡುಗ ಹೊಡೀತಾನೆ." ಜಾಗ ಬದಲಾಯಿಸಲು ಮೇಷ್ಟರಿಗೆ ಹೇಳಿ ಎಂದು ಅಪ್ಪನಿಗೆ ತಿಳಿಸಿದೆ. ವಾರದಲ್ಲಿ ತಲೆನೋವು ಮಾಯ. ಅವರ ಊರಿನಲ್ಲೆಲ್ಲ ನನ್ನ ಕೈಗುಣದ್ದೇ ಮಾತಾಯಿತು. ನಾನು ಬೇಡ ಎನ್ನಲಿಲ್ಲ. ಪರದೆಯ ಆಚೆ ಸಿಸ್ಟರ್ ಯಾರದೋ ಚಪ್ಪಲಿ ಜೋಡಿಸುತ್ತಿದ್ದರು.

ಅವರು ದಿನಾ ಅಜ್ಜಂಪುರದಿಂದ ಪ್ಯಾಸೆಂಜರ್ ರೈಲಿನಲ್ಲಿ ಬರುತ್ತಿದ್ದರು. ರೈಲು ತಡವಾದರೆ ಅವರೂ ತಡ, ಅವರು ತಡವಾದರೆ ತೂಕ ತಡ, ಅಷ್ಟರಲ್ಲಿ ಬೆಂಚಿನ ಮೇಲಿದ್ದವರು ಗೊಣಗಲು ಶುರು. ದೇವನೂರು, ಸಖರಾಯಪಟ್ಟಣದಿಂದ ಬಂದವರಿಗೆ ವಾಪಸು ಬಸ್ಸು ಹಿಡಿಯುವ ಆತುರ. ಅದು ಅವರ ತಪ್ಪಲ್ಲ. ಔಷಧಿ ಬೇಡ, ಮಗುವಿನ ಜೊತೆ ಮಾತಾಡಿ ಎಂದು ನಾನು ಹೇಳಿದರೆ, ಈ ಡಾಕ್ಟ್ರಿಗೆ ಏನೂ ಬರಲ್ಲ ಎಂದು ಪಕ್ಕದ ರಸ್ತೆಗೆ ಹೋಗಿ ಸೂಜಿ ಚುಚ್ಚಿಸಿಕೊಂಡು ಬರುತ್ತಿದ್ದರು. ಜ್ವರಕ್ಕೆ ಎಷ್ಟು ಮಿಲಿ ಎಂದು ನನಗೆ ನಿದ್ದೆಗಣ್ಣಲ್ಲೂ ಗೊತ್ತು. ಮಗುವಿನ ಮನಸ್ಸಿನ ಬಗ್ಗೆ ಮಾತ್ರ ಕಾಲೇಜಿನಲ್ಲಿ ಊಟದ ನಂತರದ ಒಂದು ಕ್ಲಾಸು ಇತ್ತು, ಅದರಲ್ಲಿ ನಾನು ತೂಕಡಿಸಿದ್ದೆ.

ಒಂದು ದಿನ ಯಾರೋ ಒಬ್ಬರು, ಹೊರಗೆ ನಲವತ್ತು ಜನ ಕೂತಿದ್ದೀವಿ, ಇಲ್ಲಿ ತೂಕ ನೋಡ್ತಾರೋ ಹರಿಕಥೆ ಮಾಡ್ತಾರೋ ಎಂದು ಕೂಗಾಡಿ ಮಗುವನ್ನು ಎತ್ತಿಕೊಂಡು ಹೊರಟೇಹೋದರು. ಆ ವಾರವೇ ನಾನು ಅಂಕಿ ಮಿನುಗುವ ಹೊಸ ಯಂತ್ರ ತಂದೆ. ಹಳೆಯದು ಮೂಲೆಯಲ್ಲಿ ಖಾಲಿ ಡಬ್ಬಗಳ ಮರೆಗೆ ಸೇರಿತು. ಸಿಸ್ಟರ್ ಹೊಸದರ ಸುತ್ತ ಒಂದು ಸುತ್ತು ಬಂದು, "ಚೆನ್ನಾಗದೆ ಸಾರ್. ಹತ್ತೋದ್ರೊಳ್ಗೆ ಇಳಿ ಅಂತದೆ" ಎಂದರು. ಅಂದಿನಿಂದ ಕಾರ್ಡಿನಲ್ಲಿ ಬರೀ ಅಂಕಿ ಬರತೊಡಗಿತು. ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಹೋಗುವಂತಾಯಿತು. ನನಗೆ ಬಹಳ ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ.

ಚೈತ್ರ ಬಂದದ್ದು ಆ ದಿನಗಳಲ್ಲಿ. ದೇವನೂರಿನ ಆಚೆಯ ಹಳ್ಳಿಯ, ಹನ್ನೊಂದು ವರ್ಷದ ಹುಡುಗಿ. ಹೊಟ್ಟೆನೋವು, ಊಟ ಸೇರುವುದಿಲ್ಲ, ಶಾಲೆಗೆ ಹೋಗುವುದಿಲ್ಲವೆಂದು ಹಟ. ಹುಳದ ಮಾತ್ರೆ ಕೊಟ್ಟೆ. ಎರಡನೇ ಸಲ ಬಂದಾಗ ಒಂದೂವರೆ ಕಿಲೋ ಇಳಿದಿದ್ದಳು. ಹೊಟ್ಟೆಯ ಉರಿಗೆ ಔಷಧಿ ಬರೆದೆ. ಮೂರನೇ ಸಲ ಇನ್ನೊಂದು ಕಿಲೋ ಇಳಿದಿತ್ತು. ಚಿಕ್ಕಮಗಳೂರಿಗೆ ಸ್ಕ್ಯಾನಿಂಗಿಗೆ ಕಳಿಸಿದೆ, ಎಲ್ಲ ಸರಿಯಿದೆ ಎಂದು ಬಂತು. ಎಲ್ಲ ಸರಿಯಿದ್ದೂ ಆ ಹುಡುಗಿ ನನ್ನ ಕಣ್ಣೆದುರೇ ಒಣಗುತ್ತಿದ್ದಳು. ಸಿಸ್ಟರ್ ಪರದೆಯಿಂದ ತಲೆ ಹೊರಹಾಕಿ, ಇವಳನ್ನು ಒಂದರ್ಧ ಗಂಟೆ ನನ್ನ ಹತ್ತಿರ ಬಿಡಿ ಎಂದು ಕೇಳಿದರು. ಹೊರಗೆ ನಲವತ್ತು ಜನ ಕೂತಿದ್ದಾರೆ ಎಂದೆ. ಆ ಮಾತು ಅಷ್ಟೊತ್ತಿಗೆ ನನ್ನದೇ ಆಗಿಬಿಟ್ಟಿತ್ತು.

ಅದಾದ ನಾಲ್ಕನೇ ದಿನ ಹಾಲಮ್ಮ ಸಿಸ್ಟರ್ ಎರಡು ಗಂಟೆ ತಡವಾಗಿ ಬಂದರು. ರೈಲು ಸರಿಯಾದ ಹೊತ್ತಿಗೆ ಬಂದದ್ದು ನನಗೆ ಕೇಳಿಸಿತ್ತು. ಬಾಗಿಲಲ್ಲೇ, ಎಲ್ಲರ ಎದುರಿಗೆ, ನಾನು ಬಾಯಿಗೆ ಬಂದ ಹಾಗೆ ಅಂದೆ. ಕೆಲಸ ಬೇಡವಾದರೆ ಮನೆಯಲ್ಲಿರಿ ಎಂದೂ ಅಂದೆ. ಅವರು ಪಕ್ಕಕ್ಕೆ ಸರಿದರು. ಅವರ ಹಿಂದೆ ಶಾಲೆಯ ಸಮವಸ್ತ್ರದಲ್ಲಿ ಚೈತ್ರ ನಿಂತಿದ್ದಳು.

ಶಾಲೆಗೆಂದು ಮನೆ ಬಿಟ್ಟವಳು ಬಸ್ಸು ಹತ್ತಿ ಕಡೂರು ಸ್ಟೇಷನ್ನಿಗೆ ಬಂದು ಪ್ಲಾಟ್‌ಫಾರಂ ಕೊನೆಯ ಕಲ್ಲುಬೆಂಚಿನ ಮೇಲೆ ಕೂತಿದ್ದಳಂತೆ. ರೈಲಿಳಿದ ಸಿಸ್ಟರ್ ಗುರುತು ಹಿಡಿದು ಪಕ್ಕದಲ್ಲಿ ಕೂತಿದ್ದಾರೆ. ಏನೂ ಕೇಳಿಲ್ಲ. ತಮ್ಮ ಡಬ್ಬಿಯ ಅವಲಕ್ಕಿ ಬಿಚ್ಚಿ ಒಬ್ಬರೇ ತಿನ್ನುತ್ತ ಕೂತಿದ್ದಾರೆ. ಬಹಳ ಹೊತ್ತಾದ ಮೇಲೆ ಹುಡುಗಿಯೇ, ಶಿವಮೊಗ್ಗದ ರೈಲು ಎಷ್ಟೊತ್ತಿಗೆ ಎಂದು ಕೇಳಿದ್ದಾಳೆ. ಬಾ, ಅಲ್ಲಿವರೆಗೂ ತಕ್ಕಡಿ ಆಡೋಣ ಎಂದು ಇವರು ಕರೆತಂದಿದ್ದಾರೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಸಿಸ್ಟರ್ ನನ್ನನ್ನು ಕೇಳದೆ ಡಬ್ಬಗಳನ್ನು ಸರಿಸಿ ಹಳೇ ಯಂತ್ರ ಎಳೆದು ತಂದರು. ನಾನು ಸಿಟ್ಟಿನಲ್ಲಿ ಪರದೆಯ ಈಚೆ ಯಾವುದೋ ಮಗುವಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟುಕೊಂಡಿದ್ದೆ. ಗುಂಡು ಸರಿಯುವ ಕಿರ್ ಸದ್ದು ಕೇಳಿಸುತ್ತಿತ್ತು. ಶಿವಮೊಗ್ಗದಲ್ಲಿ ಯಾರಿದ್ದಾರೆ ಮರಿ ಎಂದು ಸಿಸ್ಟರ್ ಕೇಳಿದರು. ಗುಂಡು ಇನ್ನಷ್ಟು ಸರಿಯಿತು. ತಮ್ಮ ಪಾಪು ಅಲ್ಲಿ ದೊಡ್ಡಾಸ್ಪತ್ರೆಯಲ್ಲಿ ಸತ್ತುಹೋದ, ತನ್ನನ್ನು ಕರೆದುಕೊಂಡು ಹೋಗಲಿಲ್ಲ, ಆ ಜಾಗ ನೋಡಬೇಕು ಎಂದಳು ಹುಡುಗಿ. ಆಮೇಲೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ನಾನೇ ಸರ್ಯಾಗ್ ನೋಡ್ಕಂಡಿಲ್ಲ. ಡಾಕ್ಟ್ರು ಬೈದ್ರು. ಇಷ್ಟ್ ದಿನ ಏನ್ ಮಾಡ್ತಿದ್ರಿ, ಮಗೂನ ಯಾರು ನೋಡ್ಕೊಳ್ತಿದ್ದಿದ್ದು ಅಂದ್ರು. ಅಮ್ಮ ನನ್ ಕಡೆ ಕೈ ತೋರ್ಸಿದ್ಲು."

ಆಗ ನೆನಪಾಯಿತು. ಸಿಸ್ಟರ್ ಮಗಳ ಬಾಣಂತನಕ್ಕೆಂದು ರಜೆ ಹಾಕಿದ್ದ ವಾರ. ವಾಂತಿ ಭೇದಿಯಿಂದ ಕಣ್ಣು ಗುಳಿಬಿದ್ದ ಎಂಟು ತಿಂಗಳ ಕೂಸು, ಅದನ್ನು ಎತ್ತಿಕೊಂಡಿದ್ದ ಎರಡು ಸಣ್ಣ ಕೈ. ನಾನು ಡ್ರಿಪ್ ಹಾಕಿ ಆಂಬುಲೆನ್ಸಿಗೆ ಫೋನ್ ಮಾಡುತ್ತಲೇ ಬೈದಿದ್ದೆ. ತಡವಾಗಿ ತಂದವರನ್ನೆಲ್ಲ ನಾನು ಬೈಯುತ್ತೇನೆ, ನಮ್ಮ ಕಡೆ ಡಾಕ್ಟರು ಬೈದರೇನೇ ಕಾಳಜಿಯಿದೆ ಎಂದು ಅರ್ಥ. ಕೂಸನ್ನು ಎತ್ತಿಕೊಂಡಿದ್ದ ಕೈ ಯಾರದೆಂದು ನಾನು ನೋಡಿರಲಿಲ್ಲ. ಆಮೇಲೆ ಮೂರು ಸಲ ಅದೇ ಹುಡುಗಿಯ ಹೊಟ್ಟೆ ಮುಟ್ಟಿ ನೋಡಿದಾಗಲೂ ಗುರುತಾಗಲಿಲ್ಲ.

ಸಿಸ್ಟರ್ ಪರದೆ ಸರಿಸಿ ನನ್ನನ್ನು ಕರೆದರು. ನೀವೇ ಸಮಾಧಾನ ಹೇಳಿಬಿಡಿ ಸಿಸ್ಟರ್ ಎಂದೆ ಮೆಲ್ಲಗೆ. "ನಾನ್ ಹೇಳಿದ್ರೆ ಆಗಲ್ಲ ಸಾರ್. ಬೈದೋರು ನೀವು" ಎಂದರು.

ಚಪ್ಪಲಿ ಬಿಡಲು ಮಕ್ಕಳು ಕೂರುವ ಗಿಡ್ಡ ಸ್ಟೂಲಿನ ಮೇಲೆ ಕೂತೆ. ಕಾಯಿಲೆ ಜೋರಾಗಿತ್ತು, ಕೂಸನ್ನು ಆಸ್ಪತ್ರೆಗೆ ತರುವುದು ದೊಡ್ಡವರ ಕೆಲಸ, ನಿನ್ನದಲ್ಲ, ನಿನ್ನಿಂದ ಏನೂ ಆಗಿಲ್ಲ ಎಂದು ತಡವರಿಸಿ ಹೇಳಿದೆ. ಅವಳು ಗುಂಡಿನ ಮೇಲಿಂದ ಕೈ ತೆಗೆದು ಮೊದಲ ಸಲ ನನ್ನ ಮುಖ ನೋಡಿದಳು.

"ಹಂಗಾರೆ ಅವತ್ ಯಾಕ್ ಬೈದ್ರಿ?"

"ನಂಗೆ ಹೆದರಿಕೆ ಆಗಿತ್ತಮ್ಮ" ಎಂದೆ. ಅಲ್ಲಿಯವರೆಗೆ ಅದು ನನಗೂ ಗೊತ್ತಿರಲಿಲ್ಲ.

ಅವಳು ಅಳಲಿಲ್ಲ, ಊಟವನ್ನೂ ಅವತ್ತೇ ಶುರು ಮಾಡಲಿಲ್ಲ. ನನ್ನ ಜೊತೆ ಓದಿದ್ದ ಒಬ್ಬಳು ಮಕ್ಕಳ ಮನಸ್ಸಿನ ಡಾಕ್ಟರಾಗಿದ್ದಾಳೆ, ಹದಿನೈದು ದಿನಕ್ಕೊಮ್ಮೆ ಶನಿವಾರ ತರೀಕೆರೆಗೆ ಬಂದು ಕೂರುತ್ತಾಳೆ. ಅವಳ ಹತ್ತಿರ ತೋರಿಸೋಣ ಎಂದರೆ, ಹೇಳಿ ಕಳಿಸಿ ಕರೆಸಿದ್ದ ಚೈತ್ರಳ ಅಪ್ಪ ಕೆಂಡವಾದರು. ಮಗಳಿಗೆ ಹುಚ್ಚು ಎಂದು ಊರೆಲ್ಲ ಹಬ್ಬಿದರೆ ನಾಳೆ ಯಾರು ಮದುವೆಯಾಗುತ್ತಾರೆ ಎಂದರು. ನಾನು ಮೇಜು ಗುದ್ದಿ ಕೂಗಾಡಿದೆ, ಅವರು ಎದ್ದು ಹೊರಟರು. ಹಾಲಮ್ಮ ಸಿಸ್ಟರ್ ಬಾಗಿಲಲ್ಲಿ ಅಡ್ಡ ನಿಂತು, "ತರೀಕೆರೇಲಿ ಇದ್ಕಿಂತ ದೊಡ್ ತಕ್ಕಡಿ ಅದೆ ಕಣಣ್ಣ. ಅಲ್ ತೂಗಿಸ್ಕಂಡ್ ಬತ್ತೀವಿ. ಊರೋರಿಗೂ ಅಷ್ಟೇ ಹೇಳು" ಎಂದರು. ಅಪ್ಪನಿಗೂ ಹೇಳಿಕೊಳ್ಳಲು ಒಂದು ಮಾತು ಬೇಕಿತ್ತೆಂದು ಕಾಣುತ್ತದೆ, ಒಪ್ಪಿಕೊಂಡರು. ಎಂಟು ತಿಂಗಳು, ತಮ್ಮ ರಜೆಯ ಶನಿವಾರಗಳಲ್ಲಿ ಸಿಸ್ಟರ್ ಆ ಹುಡುಗಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಂದರು. ನಾನು ಒಂದು ಸಲವೂ ಹೋಗಲಿಲ್ಲ. ಶನಿವಾರ ನನಗೆ ಜನ ಜಾಸ್ತಿ.

ಚೈತ್ರ ನಿಧಾನಕ್ಕೆ ಉಣ್ಣತೊಡಗಿದಳು, ಶಾಲೆಗೂ ಹೋದಳು. ಸಿಸ್ಟರ್ ಮಾತ್ರ ಸೊರಗಿದರು. ಮೊದಲು ಮಂಡಿ ಹೋಯಿತು, ಸ್ಟೇಷನ್ನಿನ ಮೇಲ್ಸೇತುವೆ ಹತ್ತಲಾಗದೆ ಕೆಲಸ ಬಿಟ್ಟರು. ಆಮೇಲೆ ಹೃದಯದ ತೊಂದರೆಯೂ ಕಾಣಿಸಿಕೊಂಡಿತು. ನಾನು ಇಬ್ಬರು ಚಿಕ್ಕ ವಯಸ್ಸಿನ ನರ್ಸುಗಳನ್ನು ಇಟ್ಟುಕೊಂಡೆ. ಒಳ್ಳೆಯ ಹುಡುಗಿಯರು, ಹಳೇ ಯಂತ್ರವನ್ನೇ ಬಳಸಿ ಎಂದು ಹೇಳಿಕೊಟ್ಟೆ. ಗುಂಡನ್ನು ತಾವೇ ಸರಿಸುತ್ತಾರೆ. ಹೇಳಿ ಹೇಳಿ ಸಾಕಾಯಿತು. ಹೇಳುವ ನಾನೇ ಎಷ್ಟು ಸಲ ನೆಲದ ಮೇಲೆ ಕೂತಿದ್ದೇನೆ ಎಂದು ಅವರು ಕೇಳುವುದಿಲ್ಲ, ಅದು ಅವರ ದೊಡ್ಡತನ.

ಕಳೆದ ಮಳೆಗಾಲದ ಒಂದು ಭಾನುವಾರ ಅಜ್ಜಂಪುರಕ್ಕೆ ಹೋಗಿದ್ದೆ. ಬಾಗಿಲ ಮೇಲೆ ಬುದ್ಧನ ಪಟವಿದ್ದ ಚಿಕ್ಕ ಮನೆ. ಸಿಸ್ಟರ್ ಗೋಡೆಗೆ ದಿಂಬಿಟ್ಟು ಒರಗಿದ್ದರು, ಕಾಲು ಊದಿಕೊಂಡಿತ್ತು. ನಾನು ಬಿಟ್ಟ ಚಪ್ಪಲಿಯನ್ನು ಜೋಡಿಸಿಡಲು ಮಗಳಿಗೆ ಹೇಳಿದರು. ಆಮೇಲೆ ಚೈತ್ರಳ ವಿಷಯ ಕೇಳಿದರು. ಹಿಂದಿನ ವಾರವಷ್ಟೇ ಬಂದಿದ್ದಳು, ಮೂವತ್ನಾಲ್ಕು ಕಿಲೋ ಇನ್ನೂರು ಗ್ರಾಂ ಎಂದೆ ಹೆಮ್ಮೆಯಿಂದ.

"ತೂಕ ಕೇಳ್ಲಿಲ್ಲ ಸಾರ್. ಏನಂದ್ಲು?"

ಕೆಮ್ಮು ಎಂದು ಬಂದಿದ್ದಳು, ಕೆಮ್ಮಿಗೆ ಕೊಟ್ಟು ಕಳಿಸಿದ್ದೆ. ಮುಂದಿನ ಸಲ ಕೇಳಿ ಬಂದು ಹೇಳುತ್ತೇನೆ ಎಂದೆ. ಅವರು ಸುಮ್ಮನೆ ತಲೆಯಾಡಿಸಿದರು. "ಆಯ್ತು ಸಾರ್" ಎನ್ನುವಾಗಿನ ಅದೇ ತಲೆಯಾಟ.

ಆ ಗುರುವಾರ ಚೈತ್ರ ಮತ್ತೆ ಬಂದಳು. ನರ್ಸನ್ನು ಆಚೆ ಕಳಿಸಿ ನಾನೇ ಪರದೆಯ ಹಿಂದೆ ಹೋದೆ. ಗುಂಡು ಅವಳ ಕೈಗೆ ಕೊಟ್ಟು, ಮಂಡಿ ನೋವಿನಲ್ಲೂ ಕುಕ್ಕರಗಾಲಲ್ಲಿ ಕೂತು ಅವಳ ಚಪ್ಪಲಿ ಜೋಡಿಸಿದೆ. ಏನು ಕೇಳಬೇಕೆಂದು ತೋಚದೆ ಸುಮ್ಮನಿದ್ದೆ. ಅದೇ ಒಳ್ಳೆಯದಾಯಿತು. ಪಟ್ಟಿಯನ್ನೇ ನೋಡುತ್ತ ಅವಳೇ ಹೇಳಿದಳು.

"ನಿನ್ನೆ ಪಕ್ಕದ್ಮನೆ ಪಾಪೂನ ಎತ್ಕಂಡೆ ಸಾರ್. ಅಳ್ಲಿಲ್ಲ ಅದು."

ಕಾರ್ಡು ತೆಗೆದು ತೂಕದ ಕೆಳಗೆ ಅದನ್ನು ಬರೆದೆ. ನನ್ನ ಅಕ್ಷರ ಔಷಧಿ ಅಂಗಡಿಯವರಿಗೆ ಬಿಟ್ಟರೆ ಬೇರೆಯವರಿಗೆ ತಿಳಿಯದು. ಹೊಡೆದು ಹಾಕಿ, ಸಿಸ್ಟರಿಗೆ ಓದಲು ಬರಲಿ ಎಂದು ದುಂಡಗೆ ಇನ್ನೊಮ್ಮೆ ಬರೆದೆ. ಭಾನುವಾರ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸುವ ಆಸೆ. ಶನಿವಾರ ಬೆಳಿಗ್ಗೆ ಅವರ ಮಗಳ ಫೋನ್ ಬಂತು, ಅಮ್ಮ ಹೋಗಿಬಿಟ್ಟರು ಎಂದು.

ಗುರುವಾರವೇ ಒಂದು ಫೋನ್ ಮಾಡಿ ಹೇಳಿಬಿಡಬಹುದಿತ್ತು. ಹೊರಗೆ ನಲವತ್ತು ಜನ ಕೂತಿದ್ದರು.