ಬೊಟ್ಟಿಟ್ಟ ಕೀಬೋರ್ಡು

ಚಳಿ ಶುರುವಾಯಿತೆಂದು ಮೊನ್ನೆ ರಜಾಯಿ ತೆಗೆಯಲು ದಿವಾನದ ಹಲಗೆ ಎತ್ತಿದೆ. ನುಸಿಗುಳಿಗೆಯ ಘಾಟು ಮೂಗಿಗೆ ಹೊಡೆಯಿತು. ರಜಾಯಿಯ ಮಡಿಕೆಯೊಳಗೆ, ನನ್ನದೊಂದು ಹಳೆಯ ಸೀರೆಯಲ್ಲಿ ಸುತ್ತಿಟ್ಟ ಕೀಬೋರ್ಡು ಕೈಗೆ ಬಂತು. ಬಿಳಿ ಬಣ್ಣ ಹಳದಿಗೆ ತಿರುಗಿದೆ. ಎನ್, ಇ, ಡಬ್ಲ್ಯು ಅಕ್ಷರಗಳ ಮೇಲೆ ಮಖಮಲ್ಲಿನ ಸ್ಟಿಕರ್ ಬೊಟ್ಟುಗಳು ಇನ್ನೂ ಅಂಟಿಕೊಂಡಿವೆ. ಎಸ್ ಮೇಲಿನದು ಉದುರಿಹೋಗಿದೆ... ನಾನೇ ಅಂಟಿಸಿದ್ದ ಬೊಟ್ಟುಗಳು. ರಜಾಯಿ ಅಲ್ಲೇ ಬಿಟ್ಟು ನೆಲದ ಮೇಲೆ ಕೂತೆ.

ಆಗ ನಾವಿನ್ನೂ ಇಂದಿರಾಪುರಂಗೆ ಬಂದಿರಲಿಲ್ಲ. ದಿಲ್ಲಿಯ ಲಕ್ಷ್ಮೀ ನಗರದ ಗಲ್ಲಿಯೊಂದರಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ. ಎದುರು ಬಾಗಿಲಿನ ಒಂಟಿ ಕೋಣೆಗೆ ದಾವಣಗೆರೆ ಕಡೆಯ ಟೀಚರ್ ಒಬ್ಬರು ಬಂದರು. ಅಲ್ಲೇ ಒಂದು ಕೋಚಿಂಗ್ ಸೆಂಟರಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ನನಗಿಂತ ಚಿಕ್ಕವರು, ಮದುವೆಯಾಗಿರಲಿಲ್ಲ. ಬೆಳಿಗ್ಗೆ ನಾನು ದೇವರ ಮುಂದೆ ಹಾಡುವುದನ್ನು ಕೇಳಿ, ಕನ್ನಡ ಕನ್ನಡ ಎಂದು ಬಾಗಿಲು ತಟ್ಟಿದ್ದರು. ಅಂದಿನಿಂದ ನಾನು ಅವರಿಗೆ ಅಕ್ಕ. ಹಿಂದಿಯ ನಡುವೆ ಬಾಯಿ ಕಟ್ಟಿಕೊಂಡು ಬದುಕುತ್ತಿದ್ದ ನನಗೆ ದೇವರು ಎದುರು ಬಾಗಿಲಿಗೇ ಮಾತು ಕಳಿಸಿಕೊಟ್ಟ ಹಾಗಾಯಿತು.

ಟೀಚರಿಗೆ ಸಣ್ಣವರಿದ್ದಾಗಿನಿಂದ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿದಿತ್ತು. ಎರಡು ಸಲ ಲೇಸರ್ ಮಾಡಿಸಿದರೂ ದೃಷ್ಟಿ ಸೋರಿಹೋಗುತ್ತಲೇ ಇತ್ತು. ಮೊದಲು ಬೋರ್ಡು ಕಾಣದಾಯಿತು, ಆಮೇಲೆ ಪುಸ್ತಕ. ಕ್ಲಾಸು ಬಿಟ್ಟು, ಮನೆಗೇ ಬರುವ ನಾಲ್ಕಾರು ಹುಡುಗಿಯರಿಗೆ ಬಾಯಲ್ಲೇ ಪಾಠ ಹೇಳತೊಡಗಿದರು. ಕಂಪ್ಯೂಟರಿಗೆ, ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದುವ ಒಂದು ದನಿ ಹಾಕಿಸಿಕೊಂಡರು.

ಒಂದು ಮಧ್ಯಾಹ್ನ ಬಟಾಣಿ ಸುಲಿಯುತ್ತ ಅವರ ಕೋಣೆಯಲ್ಲಿ ಕೂತಿದ್ದೆ. ಆ ದನಿ ಏನೋ ಹೇಳುತ್ತಿತ್ತು, ಟೀಚರ್ ಏನೋ ಒತ್ತುತ್ತಿದ್ದರು. ಏನೆಂದು ಕೇಳಿದರೆ ಆಟವಂತೆ! ಇಣುಕಿ ನೋಡಿದೆ. ಕಪ್ಪು ಪರದೆ, ಅದರ ಮೇಲೆ ಇಂಗ್ಲಿಷಿನ ಬಿಳಿ ಸಾಲುಗಳು, ಅಷ್ಟೇ. ನನ್ನ ಹಿಂದೆಯೇ ಬಂದ ಮಗಳು, "ಮಮ್ಮಿ, ಇಸ್‌ಮೆ ತೋ ಕುಛ್ ಹೈ ಹೀ ನಹೀಂ" ಎಂದು, ಏನೂ ಇಲ್ಲದ ಆಟಕ್ಕೆ ಮೂತಿ ತಿರುವಿ ಹೋದಳು.

"ಹೌದಲ್ಲ ಟೀಚರ್, ಚಿತ್ರ ಎಲ್ಲಿ?"

"ನೀವು ಪುರಾಣ ಕೇಳುವಾಗ ಚಿತ್ರ ಎಲ್ಲಿರುತ್ತೆ ಅಕ್ಕ?" ಎಂದು ನಕ್ಕರು. "ಚಿತ್ರ ಇರೋ ಆಟದಲ್ಲಿ ಕಣ್ಣಿರೋರು ಗೆಲ್ತಾರೆ. ಇದ್ರಲ್ಲಿ ನಿಮಗೂ ನನಗೂ ಅಷ್ಟೇ ಕತ್ತಲೆ."

ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದರು. ನೀನು ಹಳೆಯದೊಂದು ಲೈಟ್‌ಹೌಸಿನ ಬುಡದಲ್ಲಿ ನಿಂತಿದ್ದೀಯ. ಸಮುದ್ರದ ಸದ್ದು ಕೇಳುತ್ತಿದೆ. ಮುಂದೇನು ಮಾಡುತ್ತೀಯ? ನಾವು ಮಾಡುವುದನ್ನು ಒಂದೆರಡು ಪದದಲ್ಲಿ ಬರೆಯಬೇಕು. ದೀಪ ತಗೋ ಎಂದರೆ ದೀಪ ಕೈಗೆ ಬರುತ್ತದೆ. ಎನ್ ಒತ್ತಿದರೆ ಉತ್ತರ, ಎಸ್ ಒತ್ತಿದರೆ ದಕ್ಷಿಣ. ಬರೀ ಹೋಗು ಎಂದು ಬರೆದರೆ ಆಟ ತಿರುಗಿ ಕೇಳುತ್ತದೆ, ಯಾವ ಕಡೆಗೆ ಎಂದು. ಟೀಚರಿಗೆ ಬೆರಳ ತುದಿಯ ಸ್ಪರ್ಶವೂ ಮಂಕಾಗಿತ್ತು, ಪದೇ ಪದೇ ತಪ್ಪು ಅಕ್ಷರ ಬೀಳುತ್ತಿತ್ತು. ಮನೆಗೆ ಓಡಿ, ಕನ್ನಡಿಗೆ ಅಂಟಿಸಿದ್ದ ನನ್ನ ದಪ್ಪ ಬೊಟ್ಟುಗಳನ್ನು ಕಿತ್ತು ತಂದು ನಾಲ್ಕು ದಿಕ್ಕಿಗೂ ಇಟ್ಟೆ. ಬೆರಳಾಡಿಸಿ ನೋಡಿ, "ಕೀಬೋರ್ಡು ಮುತ್ತೈದೆ ಆಯ್ತು ಬಿಡಿ" ಎಂದರು.

ದಕ್ಷಿಣಕ್ಕೆ ಹೋಗಲು ಮಾತ್ರ ನಾನು ಒಪ್ಪುತ್ತಿರಲಿಲ್ಲ. ಯಮನ ದಿಕ್ಕು ಬೇಡ ಎನ್ನುತ್ತಿದ್ದೆ. "ದಿಲ್ಲಿಯಿಂದ ನಮ್ಮೂರೂ ಅದೇ ದಿಕ್ಕು ಅಲ್ವಾ ಅಕ್ಕ?" ಎಂದು ನಗುತ್ತ ಎಸ್ ಒತ್ತಿಬಿಡುತ್ತಿದ್ದರು.

ಅದರ ರುಚಿ ಹತ್ತಿದ್ದು ಹೇಗೆಂದು ಈಗಲೂ ಬಿಡಿಸಿ ಹೇಳಲಾರೆ. ಟಿವಿಯ ಧಾರಾವಾಹಿ ನಾನಿಲ್ಲದಿದ್ದರೂ ಮುಂದೆ ಓಡುತ್ತಿತ್ತು. ಈ ಕತೆ ನನಗಾಗಿ ಕಾಯುತ್ತಿತ್ತು. ನಾನು ಅನ್ನಕ್ಕಿಟ್ಟು ಬರುವವರೆಗೂ ಆಟದೊಳಗಿನ ಆ ಬಡಪಾಯಿ ಮೆಟ್ಟಿಲ ಮೇಲೆ ಹಾಗೆಯೇ ನಿಂತಿರುತ್ತಿದ್ದ. ಸಮುದ್ರ ನನ್ನ ಮನಸ್ಸಿನ ಸಮುದ್ರವೇ ಆಗಿತ್ತು. ಒಮ್ಮೆ ತುಕ್ಕು ಹಿಡಿದ ಅಗುಳಿಯೊಂದು ತೆರೆಯದೆ ಎರಡು ದಿನ ಸಿಕ್ಕಿಕೊಂಡೆವು. ಬೆಳಿಗ್ಗೆ ಹೂಕೋಸಿನ ಗಾಡಿಯ ಮುಂದೆ ನಿಂತಿದ್ದಾಗ ಥಟ್ಟನೆ ಎಣ್ಣೆಯೆಂದು ಹೊಳೆದು, "ತೇಲ್!" ಎಂದು ಕೂಗಿಬಿಟ್ಟೆ. "ತೇಲ್ ನಹೀಂ ಭಾಭೀಜಿ, ಗೋಭಿ ಹೈ" ಎಂದ ಭಯ್ಯಾ, ಪಾಪ. ಚೀಲ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. ದೀಪದ ಎಣ್ಣೆ ಹಚ್ಚಿದ ಮೇಲೆ ಅಗುಳಿ ಸರಿಯಿತು. ಟೀಚರ್ ಚಪ್ಪಾಳೆ ತಟ್ಟಿದರು...

ಅಂಥ ಆಟ ಕಟ್ಟುವ ಸಲಕರಣೆ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿತ್ತಂತೆ. ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನಮ್ಮದೇ ಒಂದು ಆಟ ಮಾಡೋಣ ಎಂದರು. ನಮ್ಮದೇ ಕಟ್ಟಡ. ಆಡುವವಳಿಗೆ ಕಣ್ಣು ಕಾಣುವುದಿಲ್ಲ. ನನ್ನ ಅಡುಗೆಮನೆಯಿಂದ ಹೊರಟು, ಮೆಟ್ಟಿಲು ಹತ್ತಿ, ತಾರಸಿಯ ಬಿಸಿಲು ಮುಟ್ಟಬೇಕು. ಅಷ್ಟೇ ಆಟ. ಯಾಕೆ ಇದನ್ನು ಮಾಡುತ್ತಿದ್ದಾರೆಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಆ ಹೊತ್ತಿಗೆ ಅವರು ಗೋಡೆ ಹಿಡಿದು ನಡೆಯುತ್ತಿದ್ದರು.

"ನಿಮ್ಮ ಅಡುಗೆಮನೆ ಹೇಗಿದೆ ಹೇಳಿ."

"ಹೇಗಿದೆ ಅಂದ್ರೆ... ಅಡುಗೆಮನೆ ಥರ ಇದೆ."

"ಹಾಗಂದ್ರೆ ಆಟ ಮುಂದಕ್ಕೆ ಹೋಗಲ್ಲ ಅಕ್ಕ. ಕಣ್ಣು ಮುಚ್ಕೊಂಡು ಹೇಳಿ."

ಕಣ್ಣು ಮುಚ್ಚಿದ ಮೇಲೆ ಗೊತ್ತಾಯಿತು. ಬಲಗೈಗೆ ಗ್ಯಾಸಿನ ಬಿಸಿ, ಎಡಕ್ಕೆ ತೊಟ್ಟಿಕ್ಕುವ ನಲ್ಲಿ, ಕಾಲ ಕೆಳಗೆ ಒಡೆದ ಒಂದು ಟೈಲು. ವರ್ಷಗಟ್ಟಲೆ ನಿಂತ ಜಾಗವನ್ನು ಅವತ್ತು ಮೊದಲ ಸಲ ಕಂಡ ಹಾಗಾಯಿತು. ಅದನ್ನೂ ಒಂದು ಕೃಪೆಯೆಂದೇ ಎಣಿಸುತ್ತೇನೆ.

ನನ್ನದೊಂದು ತಕರಾರಿತ್ತು. ಹೋಗು ಎಂದು ಯಾರಿಗೂ ಹೇಳಬಾರದು, ಅಪಶಕುನ. ಹೋಗಿ ಬಾ ಎನ್ನಬೇಕು. ಟೀಚರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಮರುದಿನ ಆಟದಲ್ಲಿ ಬರೀ ಹೋಗು ಎಂದು ಒತ್ತಿಸಿದರು. ಆ ಇಂಗ್ಲಿಷ್ ದನಿ ಕನ್ನಡವನ್ನು ಜಗಿದು ಜಗಿದು ಉಗುಳಿತು: ಹಾಗನ್ನಬೇಡಿ, ಅಕ್ಕ ಬೈತಾರೆ. ಯಾವ ಕಡೆಗೆ ಹೋಗಿ ಬರ್ತೀರಿ?

ಮೆಟ್ಟಿಲವರೆಗೆ ಆಟ ಆಯಿತು. ತಾರಸಿಯೊಂದು ಉಳಿದಿತ್ತು. ಅಷ್ಟರಲ್ಲಿ ಕಾಲು ಊದಿಕೊಂಡಿತು, ಕಿಡ್ನಿ ಕೈಕೊಟ್ಟಿತು. ಊರಿನಲ್ಲಿ ಅವರ ತಾಯಿ ತಮ್ಮದೊಂದು ಕಿಡ್ನಿ ಕೊಡಲು ಸಿದ್ಧರಿದ್ದರು, ರಕ್ತವೂ ಹೊಂದಿತ್ತು. ದೇವರು ದೊಡ್ಡವನು ಎಂದು ಹರಕೆ ಹೊತ್ತೆ. ದಿಲ್ಲಿ ಹತ್ತಿರದ ಮಾನೇಸರಿನಲ್ಲಿ ಕೆಲಸದಲ್ಲಿದ್ದ ಅವರ ಚಿಕ್ಕಪ್ಪನ ಮಗ ಊರಿಗೆ ಕರೆದುಕೊಂಡು ಹೋಗಲು ಬಂದ. ದಿಲ್ಲಿಯಲ್ಲೇ ಹುಟ್ಟಿ ಬೆಳೆದವನು. ಆಟೋಗೆ ಚೀಲ ಏರಿಸಿ, ಕೈ ಮುಗಿದು, ತನ್ನ ಕನ್ನಡದಲ್ಲಿ "ಅಚ್ಛಾ ಆಂಟಿ, ನಾವು ಹೋಗ್ತೀವಿ" ಎಂದ. ಆಟೋದ ಒಳಗಿನಿಂದ ಟೀಚರ್ ಗದರಿದರು.

"ಹಾಗನ್ಬೇಡ್ವೋ, ಅಕ್ಕ ಬೈತಾರೆ. ಹೋಗಿ ಬರ್ತೀವಿ ಅನ್ನು."

ಅವನು ಹಾಗೆಯೇ ಅಂದ. ಟೀಚರ್ ಗಾಳಿಯಲ್ಲಿ ತಡಕಿ ನನ್ನ ಕೈ ಹಿಡಿದುಕೊಂಡರು. "ತಾರಸಿಗೆ ಮಾತು ಜೋಡಿಸಿಟ್ಟಿರಿ ಅಕ್ಕ. ಬಂದು ಮುಗಿಸೋಣ. ಕೀಬೋರ್ಡು ನಿಮ್ಮ ಹತ್ರಾನೇ ಇರ್ಲಿ."

ಮಹಾಶಿವರಾತ್ರಿ ಕಳೆದ ಮೇಲೆ ಫೋನು ಬಂತು. ಅದೇ ಹುಡುಗ. ಆಪರೇಷನ್ನಿಗೆ ಮೊದಲೇ ಎದೆಗೆ ನೀರು ಸೇರಿತ್ತಂತೆ. ಅದನ್ನೆಲ್ಲ ಆಮೇಲೆ ಹೇಳಿದ. ಮೊದಲು ಹೇಳಿದ್ದು ಇಷ್ಟೇ: "ಆಂಟಿ, ದೀದಿ ಹೋದ್ರು."

"ಯಾವ ಕಡೆಗೆ?" ಎಂದೆ.

ಅಭ್ಯಾಸ. ಬಾಯಿ ತಾನಾಗಿ ಕೇಳಿಬಿಟ್ಟಿತು. ಆ ಕಡೆಯಿಂದ ಹುಡುಗ ಅಳುವ ಸದ್ದು... ನಾನು ಕೇಳಿದ್ದು ಅವನಿಗೆ ಏನೆಂದು ಅರ್ಥವಾಯಿತೋ ತಿಳಿಯದು.

ಫೋನಿಟ್ಟು ತಾರಸಿಗೆ ಹೋದೆ. ಕಣ್ಣು ಮುಚ್ಚಿ ನಿಂತು ಜೋಡಿಸಿಟ್ಟ ಮಾತನ್ನು ಹೇಳಿದೆ. ತಾರಸಿ. ಎಡಗಡೆ ನೀರಿನ ಟ್ಯಾಂಕು, ಮುಟ್ಟಿದರೆ ಬೆಚ್ಚಗಿದೆ. ಕೈಗೆ ತಂತಿ ಸಿಗುತ್ತದೆ, ಅದರ ಮೇಲೆ ಮಗುವಿನ ಸ್ವೆಟರು, ತೋಳು ಇನ್ನೂ ಒದ್ದೆ. ಕೆಳಗೆ ಗೋಭಿಯವನು ಕೂಗುತ್ತಿದ್ದಾನೆ. ಮುಖದ ಮೇಲೆ ಬಿಸಿಲು ಬಿತ್ತು. ಇಲ್ಲಿಗೆ ಆಟ ಮುಗಿಯಿತು.

ಅವರ ಕಂಪ್ಯೂಟರನ್ನು ಯಾರಿಗೋ ಕೊಟ್ಟರಂತೆ. ಆಟವೂ ಅದರೊಳಗೇ ಹೋಯಿತು. ಯಾರಾದರೂ ಅಪ್ಪಿತಪ್ಪಿ ತೆರೆದಿದ್ದರೆ, ಅಕ್ಕ ಬೈತಾರೆ ಎಂದು ಓದಿ, ಯಾವ ಅಕ್ಕನೋ ಎಂದುಕೊಂಡಿರುತ್ತಾರೆ.

ಮೊನ್ನೆ ರಜಾಯಿ ಬಿಸಿಲಿಗೆ ಹಾಕಿದ ಮೇಲೆ ಬಚ್ಚಲಿಗೆ ಹೋಗಿ, ಕನ್ನಡಿಯಿಂದ ಒಂದು ಬೊಟ್ಟು ಕಿತ್ತು ತಂದೆ. ಎಸ್ ಮೇಲೆ ಒತ್ತಿ ಅಂಟಿಸಿದೆ. ದಕ್ಷಿಣವೆಂದರೆ ಈಗ ಅಷ್ಟು ಭಯವಿಲ್ಲ, ಅಲ್ಲಿ ನಮ್ಮವರೊಬ್ಬರಿದ್ದಾರೆ. ಆಮೇಲೆ ಎಚ್, ಒ, ಜಿ, ಯು ಒಂದೊಂದಾಗಿ ಒತ್ತಿ, ಬರೀ ಹೋಗು ಎಂದು ಬರೆದೆ.

ಕೀಬೋರ್ಡಿನ ವೈರು ನನ್ನ ಮಡಿಲಲ್ಲೇ ಇತ್ತು. ಯಾವ ಕಡೆಗೆ ಎಂದು ಯಾರೂ ಕೇಳಲಿಲ್ಲ.