ಬದಲಿಯವರ ಭಾನುವಾರ

ಬಂಗಾರಪೇಟೆ, ಕೆಜಿಎಫ್ ಸುತ್ತಮುತ್ತ ನಮ್ಮ ಕಂಪನಿ ನೋಡಿಕೊಳ್ಳುತ್ತಿದ್ದ ಕೊಳಚೆ ನೀರು ಶುದ್ಧೀಕರಣ ಘಟಕಗಳು ಆರು. ಎಲ್ಲವೂ ಚಿಕ್ಕವು, ಒಂದಕ್ಕೆ ಒಬ್ಬನೇ ಆಪರೇಟರ್. ದಿನಕ್ಕೊಬ್ಬರಂತೆ ಅವರಿಗೆ ವಾರದ ರಜೆ. ರಜೆ ಹೋದವನ ಜಾಗಕ್ಕೆ ಕ್ಯಾಸಂಬಳ್ಳಿ ಕಡೆಯ ಹಿರಿಯರೊಬ್ಬರು ಬದಲಿ. ಆರು ದಿನ ಆರು ಕಡೆ, ಏಳನೆಯ ದಿನ ಅವರು ಮನೆಯಲ್ಲಿ. ಇದನ್ನೆಲ್ಲ ಎಕ್ಸೆಲ್‌ನಲ್ಲಿ ಬಣ್ಣ ಹಚ್ಚಿ ಕೂಡಿಸಿದ ಮಹಾ ಬುದ್ಧಿವಂತ ಸೂಪರ್‌ವೈಸರ್ ನಾನು.

ಆಮೇಲೆ ಬೂದಿಕೋಟೆ ರಸ್ತೆಯಲ್ಲಿ ಏಳನೆಯ ಘಟಕ ಶುರುವಾಯಿತು. 'ಕೆಲಸದ ಹೊರೆ ಎಲ್ಲರಿಗೂ ಸಮನಾಗಿರಲಿ' ಎಂದು ಹೆಡ್ ಆಫೀಸಿನಿಂದ ಅಪ್ಪಣೆಯೂ ಬಂತು. ಸಮ ಮಾಡಿದೆ. ಏಳು ಜನಕ್ಕೂ ವಾರಕ್ಕೊಂದು ರಜೆ, ಬದಲಿಯವರಿಗೆ ಏಳೂ ದಿನ ಕೆಲಸ. ಅವರ ರಜೆಯ ಚೌಕದಲ್ಲಿ 'ಹೊಂದಾಣಿಕೆ ಮೇರೆಗೆ' ಎಂದು ಬರೆದೆ. ಆಫೀಸಿನವರು ಶಹಬ್ಬಾಸ್ ಅಂದರು. ನಾನೂ ಉಬ್ಬಿದೆ.

ಆ ಮನುಷ್ಯ ಮೂರು ತಿಂಗಳು ಬಾಯಿಬಿಡಲಿಲ್ಲ. ಒಂದು ದಿನ ರಾಬರ್ಟ್‌ಸನ್‌ಪೇಟೆಯ ನಮ್ಮ ಪುಟ್ಟ ಆಫೀಸಿಗೆ ಬಂದು, ಕೂರಿ ಎಂದರೂ ಕೂರದೆ ನಿಂತರು.

"ಸಾರ್, ಮಗಳ್ನ ನೋಡಾಕೆ ಬತ್ತಾರೆ. ಎರಡ್ ಸಲ ಮುಂದಕ್ ಆಕ್ದೆ. ಈ ಭಾನ್ವಾರ ನಾ ಮನೇಲಿರ್ಲೇಬೇಕು."

ಯಾಕೆ ಮುಂದೆ ಹಾಕಿದಿರಿ ಎಂದು ಕೇಳುವ ಧೈರ್ಯವಾಗಲಿಲ್ಲ. ಉತ್ತರ ನನ್ನ ಕಂಪ್ಯೂಟರಿನಲ್ಲೇ ಇತ್ತು. ಔದಾರ್ಯ ಉಕ್ಕಿ ಬಂದು, "ನೀವು ಮನೇಲಿರಿ, ಆವತ್ತು ನಾನೇ ನೋಡ್ಕೋತೀನಿ" ಅಂದುಬಿಟ್ಟೆ.

ಭಾನುವಾರ ಬಂಗಾರಪೇಟೆಯ ಘಟಕ. ಕಸ ತಡೆಯುವ ಜಾಲರಿ ತೊಳೆಯಲು ಹದಿನೈದು ನಿಮಿಷ ಸಾಕು ಎಂದು ಪಟ್ಟಿಯಲ್ಲಿ ಬರೆದವನು ನಾನೇ. ಒಂದೂವರೆ ಗಂಟೆ ಉಜ್ಜಿದರೂ ಕೂದಲು, ಪ್ಲಾಸ್ಟಿಕ್ಕು, ಬಟ್ಟೆಚೂರು ಮುಗಿಯಲಿಲ್ಲ. ಹನ್ನೊಂದರ ಹೊತ್ತಿಗೆ ಪಂಪು ಗುರ್ರೆಂದು ನಿಂತಿತು. ತೊಟ್ಟಿಯಲ್ಲಿ ನೀರು ಏರತೊಡಗಿತು. ಉಕ್ಕಿದರೆ ನೇರ ಬೀದಿಗೆ. ನನಗೆ ಗೊತ್ತಿದ್ದ ಗುಂಡಿಗಳನ್ನೆಲ್ಲ ಒತ್ತಿದೆ, ಗೊತ್ತಿದ್ದದ್ದು ಎರಡು. ಇಲ್ಲಿಯ ಆಪರೇಟರ್ ರಜೆಗೆ ಊರಿಗೆ ಹೋಗಿದ್ದ, ಫೋನ್ ಎತ್ತಲಿಲ್ಲ. ಉಳಿದವರು ತಮ್ಮ ತಮ್ಮ ಘಟಕದಲ್ಲಿ ಒಬ್ಬೊಬ್ಬರೇ, ಬಿಟ್ಟು ಬರುವ ಹಾಗಿಲ್ಲ. ಕೊನೆಗೆ ಮಾನ ಬಿಟ್ಟು ಬದಲಿಯವರಿಗೇ ಫೋನ್ ಮಾಡಿ, ಏನು ಮಾಡಬೇಕು ಹೇಳಿ ಎಂದೆ. ಅವರ ಹಿಂದೆ ಲೋಟಗಳ ಸದ್ದು, ನೆಂಟರ ನಗು.

"ಏನೂ ಮುಟ್ಬೇಡಿ ಸಾರ್. ಬತ್ತೀನಿ."

ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲೇ ಬಂದರು. ಕರೆಂಟ್ ತೆಗೆದು, ತೋಳು ಮಡಚಿ, ಪಂಪಿನ ಬಾಯಿಗೆ ಕೈಹಾಕಿ ಸೀರೆಯ ತುಂಡೊಂದನ್ನು ಎಳೆದು ಬಿಸಾಡಿದರು. ಹತ್ತು ನಿಮಿಷದಲ್ಲಿ ಪಂಪು ಓಡುತ್ತಿತ್ತು. ಅಷ್ಟರಲ್ಲಿ ಅವರ ಫೋನ್ ರಿಂಗಾಯಿತು. ಕೇಳಿಸಿಕೊಂಡು ಜೇಬಿಗೆ ಹಾಕಿದರು.

"ಏನಂತೆ?" ಎಂದೆ.

"ಎದ್ ಓದ್ರಂತೆ ಸಾರ್. ಮಗಳ್ನ ನೋಡೋ ದಿನಾನೂ ಮನೇಲಿರದ ಅಪ್ಪನ ಅತ್ರ ಏನ್ ಮಾತಾಡೋದು ಅಂದ್ರಂತೆ."

ನೆಲ ಬಾಯ್ಬಿಡಬಾರದೇ ಅನ್ನಿಸಿತು. ಇಷ್ಟು ಗಣಿ ತೋಡಿದ ಸೀಮೆಯಲ್ಲೂ ನನ್ನ ಪಾಲಿಗೆ ಅದು ಬಾಯ್ಬಿಡಲಿಲ್ಲ. ಸೋಮವಾರ ಬೆಳಿಗ್ಗೆ ವಾರದ ವರದಿ ಕಳಿಸಿದೆ. ಅವರ ಹೆಸರಿನ ಮುಂದೆ, ಭಾನುವಾರದ ಚೌಕದಲ್ಲಿ ನಾನೇ ತುಂಬಿದೆ: ರಜೆ ಪಡೆದಿದ್ದಾರೆ.